ಬೆಟ್ಟದ ತಿರುವು, ಗಡಿಯಾರದ ಮುಳ್ಳು: ಹಳೆಯ ಹಾಟ್ ಹ್ಯಾಚ್‌ಗಳ ರ್‍ಯಾಲಿ ಲೆಕ್ಕಾಚಾರ

ಮೈಸೂರು: ತಾವರೆಕಟ್ಟೆ ದಾಟಿ ಚಾಮುಂಡಿ ಬೆಟ್ಟದ ರಸ್ತೆ ಹಿಡಿಯುವ ಕಾರುಗಳಲ್ಲಿ ಹೆಚ್ಚಿನವು ದೇವಿಯ ದರ್ಶನಕ್ಕೆ ಹೊರಟವು. ಇನ್ನು ಕೆಲವು, ಸಂಜೆಯ ಹೊತ್ತಿಗೆ ಮೇಲಿನಿಂದ ನಗರದ ದೀಪಗಳನ್ನು ನೋಡಲು ಹೊರಟವು. ಇವುಗಳ ನಡುವೆ ಇಪ್ಪತ್ತು ವರ್ಷ ಹಳೆಯ ಸಣ್ಣ ಕಾರೊಂದು ಗಂಟೆಗೆ 27 ಕಿ.ಮೀ. ವೇಗದಲ್ಲಿ, ಅದಕ್ಕಿಂತ ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಏರುತ್ತಿರುವುದು ಕಂಡರೆ ಹಿಂದಿನವರು ಹಾರನ್ ಒತ್ತುವುದು ಸಹಜ. ಕಾರು ಕೆಟ್ಟಿದೆ ಅಥವಾ ಚಾಲಕ ಹೊಸಬ ಎಂದೇ ಅವರ ತೀರ್ಮಾನ. ಆದರೆ ಚಾಲಕನ ಪಕ್ಕದಲ್ಲಿ ಕುಳಿತವರ ತೊಡೆಯ ಮೇಲೆ ಕಾಗದದ ಕಟ್ಟು, ಕೈಯಲ್ಲಿ ಸ್ಟಾಪ್‌ವಾಚ್ ಇದ್ದರೆ ವಿಷಯ ಬೇರೆ. ಅಲ್ಲಿ ನಡೆದಿರುವುದು ಒಂದು ಕ್ರೀಡೆಯ ಅಭ್ಯಾಸ.

ಟಿಎಸ್‌ಡಿ ಎಂದು ಹವ್ಯಾಸಿಗಳ ವಲಯದಲ್ಲಿ ಪರಿಚಿತವಾಗಿರುವ ಈ ಕ್ರೀಡೆಯ ಪೂರ್ಣ ಹೆಸರು ಟೈಂ-ಸ್ಪೀಡ್-ಡಿಸ್ಟೆನ್ಸ್ ರ್‍ಯಾಲಿ. ಕಾಲ, ವೇಗ ಮತ್ತು ದೂರ ಎಂಬ ಮೂರರ ಗಣಿತವೇ ಇದರ ಜೀವಾಳ. ರ್‍ಯಾಲಿ ಎಂದೊಡನೆ ಧೂಳೆಬ್ಬಿಸಿ ಹಾರುವ ಕಾರುಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಅದು ಸ್ಟೇಜ್ ರ್‍ಯಾಲಿ. ಸಾರ್ವಜನಿಕ ಸಂಚಾರವನ್ನು ಸಂಪೂರ್ಣ ಮುಚ್ಚಿದ ದಾರಿಯಲ್ಲಿ, ರೋಲ್ ಕೇಜ್ ಅಳವಡಿಸಿದ ಕಾರುಗಳಲ್ಲಿ ನಡೆಯತಕ್ಕದ್ದು. ಟಿಎಸ್‌ಡಿ ನಡೆಯುವುದು ಎಲ್ಲರೂ ಓಡಾಡುವ ರಸ್ತೆಯಲ್ಲಿ, ಸಂಚಾರ ನಿಯಮಗಳ ಒಳಗೆ. ಮೊದಲು ತಲುಪಿದವನಿಗೆ ಇಲ್ಲಿ ಬಹುಮಾನವಿಲ್ಲ, ದಂಡವಿದೆ.

ಸೆಕೆಂಡುಗಳ ಲೆಕ್ಕ

ಸ್ಪರ್ಧೆಯ ಆರಂಭಕ್ಕೆ ಸ್ವಲ್ಪ ಮುನ್ನ ಸಂಘಟಕರು ಪ್ರತಿ ಜೋಡಿಗೆ ಎರಡು ದಾಖಲೆಗಳನ್ನು ನೀಡುತ್ತಾರೆ. ಒಂದು ರೋಡ್ ಬುಕ್. ಅದರಲ್ಲಿ ಪ್ರತಿ ತಿರುವಿಗೂ ಆರಂಭದಿಂದ ಅಲ್ಲಿಗಿರುವ ದೂರ, ಹಿಂದಿನ ತಿರುವಿನಿಂದ ಇರುವ ದೂರ ಹಾಗೂ ಪುಟ್ಟ ರೇಖಾಚಿತ್ರ ಇರುತ್ತವೆ. ಚುಕ್ಕೆಯಿಂದ ಹೊರಟು ಬಾಣದಲ್ಲಿ ಮುಗಿಯುವ ಈ ಚಿತ್ರಕ್ಕೆ ‘ಟುಲಿಪ್’ ಎಂದು ಹೆಸರು. ಅದು ಬಂದದ್ದು ನೆದರ್ಲೆಂಡ್ಸ್‌ನ ಟುಲಿಪ್ ರ್‍ಯಾಲಿಯಿಂದ. ಇನ್ನೊಂದು ಸ್ಪೀಡ್ ಚಾರ್ಟ್. ಎಷ್ಟನೆಯ ಕಿಲೋಮೀಟರಿನಿಂದ ಎಷ್ಟನೆಯ ಕಿಲೋಮೀಟರಿನವರೆಗೆ ಯಾವ ಸರಾಸರಿ ವೇಗ ಕಾಯ್ದುಕೊಳ್ಳಬೇಕು ಎಂಬುದು ಅದರಲ್ಲಿರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ತಿರುವಿನಾಚೆ ಸಮಯ ದಾಖಲಿಸುವವರು ಕುಳಿತಿರುತ್ತಾರೆ. ಎಲ್ಲಿ ಎಂಬುದು ಸ್ಪರ್ಧಿಗಳಿಗೆ ಗೊತ್ತಿರುವುದಿಲ್ಲ. ತಡವಾಗಿ ತಲುಪಿದರೆ ದಂಡದ ಅಂಕ. ಬೇಗ ತಲುಪಿದರೆ ಸಾಮಾನ್ಯವಾಗಿ ಅದರ ಎರಡರಷ್ಟು.

ಅನುಭವಿಗಳು ಗಂಟೆಯ ವೇಗವನ್ನು ಮನಸ್ಸಿನಲ್ಲೇ ಸೆಕೆಂಡಿಗೆ ಬದಲಿಸಿಕೊಳ್ಳುತ್ತಾರೆ. 3,600ನ್ನು ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಎಂಬುದು ದೊರೆಯುತ್ತದೆ. 36 ಕಿ.ಮೀ. ವೇಗಕ್ಕೆ 100 ಸೆಕೆಂಡು, 40ಕ್ಕೆ 90, 45ಕ್ಕೆ 80, 30ಕ್ಕೆ 120. ಬೆಟ್ಟದ ರಸ್ತೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕಾಲ್ಪನಿಕ ಹಂತವೊಂದನ್ನು ರಚಿಸಬಹುದು. ಮೊದಲ 2.40 ಕಿ.ಮೀ.ಗೆ ಸರಾಸರಿ 36, ನಂತರದ 3.60 ಕಿ.ಮೀ.ಗೆ ಸರಾಸರಿ 27 ಎಂದು ಚಾರ್ಟ್ ಹೇಳುತ್ತದೆ ಎನ್ನೋಣ. ಮೊದಲ ಭಾಗಕ್ಕೆ 4 ನಿಮಿಷ, ಎರಡನೆಯದಕ್ಕೆ 8. ಒಟ್ಟು 12 ನಿಮಿಷ. ಕೇಳಲು ಮಕ್ಕಳ ಲೆಕ್ಕದಂತಿದೆ.

ಎರಡನೆಯ ಭಾಗದಲ್ಲಿ ಮುಂದೆ 201ನೇ ಸಂಖ್ಯೆಯ ನಗರ ಬಸ್ಸು ಸಿಕ್ಕಿತೆಂದು ಭಾವಿಸಿದರೆ ಲೆಕ್ಕ ಕೆಡುತ್ತದೆ. ಒಂದು ಕಿಲೋಮೀಟರು ಅದರ ಹಿಂದೆ 18 ಕಿ.ಮೀ. ವೇಗದಲ್ಲಿ ಏರಿದರೆ 133 ಸೆಕೆಂಡಿನಲ್ಲಿ ಕ್ರಮಿಸಬೇಕಾದ ದೂರಕ್ಕೆ 200 ಸೆಕೆಂಡು ಹಿಡಿಯುತ್ತದೆ. ಕಳೆದುಕೊಂಡ 67 ಸೆಕೆಂಡನ್ನು ಉಳಿದ ಒಂದೂವರೆ ಕಿಲೋಮೀಟರಿನಲ್ಲಿ ತುಂಬಿಕೊಳ್ಳಬೇಕೆಂದರೆ ಸರಾಸರಿ 40ಕ್ಕಿಂತ ಹೆಚ್ಚು ವೇಗ ಬೇಕು. ಅದೂ ಏರುದಾರಿಯಲ್ಲಿ, ಎದುರಿನ ವಾಹನ ಕಾಣದ ತಿರುವುಗಳಲ್ಲಿ, ಹರಕೆ ಹೊತ್ತು ನಡೆದು ಬರುವವರ ಪಕ್ಕದಲ್ಲಿ.

ಈ ಕ್ರೀಡೆಯ ಅಪಾಯ ಅಡಗಿರುವುದು ಇಲ್ಲಿಯೇ. ಸ್ಪೀಡ್ ಚಾರ್ಟ್‌ನಲ್ಲಿರುವ ವೇಗ ಯಾರನ್ನೂ ಕೊಲ್ಲುವಂಥದ್ದಲ್ಲ. ತಡವಾದದ್ದನ್ನು ತುಂಬಿಕೊಳ್ಳುವ ಆತುರ ಕೊಲ್ಲಬಲ್ಲದು. 67 ಅಂಕದ ದಂಡವನ್ನು ಒಪ್ಪಿಕೊಂಡು ಅದೇ 27ರಲ್ಲಿ ಮುಂದುವರಿಯುವ ಜೋಡಿಯನ್ನೇ ಪಳಗಿದ ಜೋಡಿ ಎನ್ನಬೇಕು. ಜವಾಬ್ದಾರಿಯುಳ್ಳ ಸಂಘಟಕರು ಜನಸಂದಣಿಯ ಭಾಗಗಳನ್ನು ಸ್ಪರ್ಧೆಯ ಲೆಕ್ಕದಿಂದ ಹೊರಗಿಟ್ಟು, ಧಾರಾಳ ಸಮಯ ಕೊಟ್ಟು ದಾಟಿಸುತ್ತಾರೆ. ಹಾಗೆ ಮಾಡದ ಸ್ಪರ್ಧೆಗೆ ಹೆಸರು ಕೊಡುವ ಮೊದಲು ಯೋಚಿಸುವುದು ಒಳ್ಳೆಯದು.

ಹಾಟ್ ಹ್ಯಾಚ್ ಎಂಬ ತಳಿ

ಸಣ್ಣ ಮೈ, ಹಿಂಬದಿಗೆ ಮೇಲೆತ್ತುವ ಬಾಗಿಲು, ಗಾತ್ರಕ್ಕೆ ಮೀರಿದ ಎಂಜಿನ್ ಇರುವ ಕಾರಿಗೆ ಹಾಟ್ ಹ್ಯಾಚ್ ಎಂಬ ಹೆಸರು ಯೂರೋಪಿನದು. 1976ರಲ್ಲಿ ಮಾರಾಟಕ್ಕೆ ಬಂದ 110 ಅಶ್ವಶಕ್ತಿಯ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ತಳಿಗೆ ಮಾದರಿಯಾಯಿತು. ಭಾರತದಲ್ಲಿ 1993ರಲ್ಲಿ ಬಂದ ಮಾರುತಿ ಝೆನ್ ತನ್ನ 993 ಸಿಸಿ ಎಂಜಿನ್ನಿನಲ್ಲೇ ಯುವಕರಿಗೆ ಆ ರುಚಿ ಹಚ್ಚಿತು. ನಿಜವಾದ ಅರ್ಥದಲ್ಲಿ ಹಾಟ್ ಹ್ಯಾಚ್ ಎನ್ನಬಹುದಾದದ್ದು 2001ರಲ್ಲಿ ಬಂದ ಫಿಯೆಟ್ ಪಾಲಿಯೊದ 1.6 ಲೀಟರ್, 100 ಅಶ್ವಶಕ್ತಿಯ ಜಿಟಿಎಕ್ಸ್. 2005ರ ಮೇ ತಿಂಗಳಲ್ಲಿ 1.3 ಲೀಟರ್ ಪೆಟ್ರೋಲ್ ಎಂಜಿನ್ನಿನ ಸ್ವಿಫ್ಟ್ ಬಂತು.

ಈ ತಳಿ ಇಲ್ಲಿ ಹೆಚ್ಚು ಕಾಲ ಬೆಳೆಯದೆ ಹೋದದ್ದಕ್ಕೆ ತೆರಿಗೆಯೂ ಒಂದು ಕಾರಣ. 2006-07ರ ಕೇಂದ್ರ ಬಜೆಟ್‌ನಲ್ಲಿ 4 ಮೀಟರ್ ಮೀರದ ಉದ್ದ, 1,200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಇರುವ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಲಾಯಿತು. ಸಣ್ಣ ಮೈಗೆ ದೊಡ್ಡ ಎಂಜಿನ್ ಕೂರಿಸುವುದು ಅಂದಿನಿಂದ ತಯಾರಕರಿಗೆ ನಷ್ಟದ ಬಾಬತ್ತಾಯಿತು. 2010ರಲ್ಲಿ ಸ್ವಿಫ್ಟ್ ಸಹ 1.2 ಲೀಟರ್‌ಗೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿಯೂ ಅದೇ ಗಡಿರೇಖೆ ಉಳಿದಿದೆ. ಹೀಗಾಗಿ ಸಣ್ಣ ಕಾರು-ದೊಡ್ಡ ಎಂಜಿನ್ನಿನ ಜೋಡಿ ಕಡಿಮೆ ಹಣಕ್ಕೆ ಬೇಕೆಂದರೆ ಹಳೆಯ ಕಾರನ್ನೇ ಹುಡುಕಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಯೆಜ್ಡಿ ಬೈಕುಗಳನ್ನು ಉಳಿಸಿಕೊಂಡು ಬಂದ ಮೈಸೂರಿಗೆ ಹಳೆಯ ಯಂತ್ರದ ಮೋಹವೇನೂ ಹೊಸದಲ್ಲ.

ವಿಚಿತ್ರವೆಂದರೆ, ಸರಾಸರಿ 27 ಅಥವಾ 36 ಕಿ.ಮೀ. ಕೇಳುವ ಸ್ಪರ್ಧೆಗೆ 100 ಅಶ್ವಶಕ್ತಿಯ ಅಗತ್ಯವೇ ಇಲ್ಲ. ಇಲ್ಲಿ ಉಪಯೋಗಕ್ಕೆ ಬರುವುದು ಈ ಕಾರುಗಳ ಇತರ ಗುಣಗಳು. ಮೈ ಚಿಕ್ಕದು, ತಿರುವಿನಲ್ಲಿ ಮೂತಿ ಹೇಳಿದ ಕಡೆ ಹೋಗುತ್ತದೆ, ತಪ್ಪು ದಾರಿ ಹಿಡಿದರೆ ಹಳ್ಳಿಯ ಕಿರುರಸ್ತೆಯಲ್ಲೇ ಹಿಂದಿರುಗಿಸಿಕೊಳ್ಳಬಹುದು. ಹಂಪ್ ಎದುರಾಗಿ ನಿಂತ ಮೇಲೆ ಮತ್ತೆ ನಿಗದಿತ ವೇಗಕ್ಕೆ ಬರಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹಣ ಸುರಿಯುವವನು ಈ ಸ್ಪರ್ಧೆಯ ಮಟ್ಟಿಗೆ ಹಣ ಚೆಲ್ಲಿದಂತೆಯೇ. ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿಸಿಕೊಂಡರಂತೂ ಪಕ್ಕದವರು ಹೇಳುವ ತಿರುವು ಕೇಳಿಸದು.

ಗ್ಯಾರೇಜಿನಲ್ಲಿ ಆಗಬೇಕಾದದ್ದು

ಇಪ್ಪತ್ತು ವರ್ಷದ ಕಾರಿನಲ್ಲಿ ಮೊದಲು ಸಾಯುವುದು ಕಬ್ಬಿಣವಲ್ಲ, ರಬ್ಬರು. ಓಡಿದ ಕಿಲೋಮೀಟರು ಕಡಿಮೆಯೆಂಬ ಕಾರಣಕ್ಕೆ ಟೈಮಿಂಗ್ ಬೆಲ್ಟನ್ನು ಹಾಗೆಯೇ ಬಿಡುವುದು ಹೊಸಬರ ಸಾಮಾನ್ಯ ತಪ್ಪು. ನಿಂತಲ್ಲೇ ನಿಂತರೂ ಬೆಲ್ಟಿಗೆ ವಯಸ್ಸಾಗುತ್ತದೆ. ರೇಡಿಯೇಟರಿನ ಹೋಸ್ ಪೈಪುಗಳು, ಸಸ್ಪೆನ್ಷನ್ ಬುಷ್‌ಗಳು, ಎಂಜಿನ್ ಮೌಂಟಿಂಗ್‌ಗಳು, ಬ್ರೇಕಿನ ಸೀಲುಗಳು ಇದೇ ಸಾಲಿಗೆ ಸೇರಿದವು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಕಟ್ಟೆ ಚೆನ್ನಾಗಿದ್ದರೂ ಹತ್ತು ವರ್ಷದ ಟೈರನ್ನು ಬೆಟ್ಟದ ರಸ್ತೆಗೆ ಒಯ್ಯಬಾರದು.

ಪೆಟ್ರೋಲ್ ಸಹ ಬದಲಾಗಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2025ರ ವೇಳೆಗೆ ದೇಶದಾದ್ಯಂತ ಬಂಕುಗಳಿಗೆ ಬಂತು. ಅದಕ್ಕೆ ಹೊಂದುವ ಸಾಮಗ್ರಿಯನ್ನು ತಯಾರಕರು ವ್ಯಾಪಕವಾಗಿ ಬಳಸಲಾರಂಭಿಸಿದ್ದು 2023ರ ಏಪ್ರಿಲ್ ಆಸುಪಾಸಿನಿಂದ. 2001ರ ಪಾಲಿಯೊ, 2005ರ ಸ್ವಿಫ್ಟ್‌ಗಳ ಇಂಧನ ಪೈಪು, ಸೀಲುಗಳು ಎಥೆನಾಲನ್ನು ಗಮನದಲ್ಲಿಟ್ಟು ಮಾಡಿದವಲ್ಲ. ಅವುಗಳನ್ನು ಎಥೆನಾಲ್ ತಡೆಯುವ ಪೈಪುಗಳಿಗೆ ಬದಲಿಸಿಕೊಳ್ಳುವುದು, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ನಿಲ್ಲಿಸದಿರುವುದು ವಿವೇಕ. ನೀತಿ ಆಯೋಗದ 2021ರ ಮಾರ್ಗಸೂಚಿ ವರದಿಯೇ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳ ಮೈಲೇಜು ಇ20ಯಿಂದ ಶೇ 6ರಿಂದ 7ರಷ್ಟು ಕಡಿಮೆಯಾಗಬಹುದೆಂದು ಅಂದಾಜು ಮಾಡಿತ್ತು. ಬಂಕುಗಳಿಲ್ಲದ ಕಾಡುದಾರಿಯ ಸ್ಪರ್ಧೆಗಳಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಏರುವಾಗ ರೇಡಿಯೇಟರ್, ಇಳಿಯುವಾಗ ಬ್ರೇಕು: ಬೆಟ್ಟ ಕೇಳುವ ಪರೀಕ್ಷೆ ಇವೆರಡೇ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೀರಿದ ಚಾಮುಂಡಿ ಬೆಟ್ಟ ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಇಬ್ಬರು ಕುಳಿತ, 1,100 ಕಿಲೋ ತೂಗುವ ಕಾರು ಅಷ್ಟು ಎತ್ತರದಿಂದ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 10 ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು. ಚಾಲಕ ಗೇರಿನಲ್ಲಿ ಹಿಡಿಯದೆ ಬರೀ ಬ್ರೇಕು ಒತ್ತಿಕೊಂಡು ಬಂದರೆ ಅದರ ಬಹುಪಾಲು ನಾಲ್ಕು ಚಕ್ರಗಳ ಬ್ರೇಕುಗಳಿಗೇ ಸೇರುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಹಾಗೂ ಎರಡನೇ ಗೇರಿನಲ್ಲಿ ಇಳಿಯುವುದು ಇದಕ್ಕೆ ಅಗ್ಗದ ವಿಮೆ.

ಬಿಡಿಭಾಗಗಳ ವಿಷಯದಲ್ಲಿ ಮಾರುತಿ ಇಟ್ಟುಕೊಂಡವರು ಸುಖಿಗಳು. ಫಿಯೆಟ್ 2019ರಲ್ಲಿ ಭಾರತದಲ್ಲಿ ಕಾರು ಮಾರಾಟ ನಿಲ್ಲಿಸಿತು; ಪಾಲಿಯೊ ಅದಕ್ಕೂ ಬಹಳ ಮುನ್ನವೇ ನಿಂತಿತ್ತು. ಆ ಕಾರನ್ನು ಪ್ರೀತಿಸುವವರು ಗುಜರಿ ಅಂಗಡಿಗಳ ವಿಳಾಸವನ್ನೂ ಪ್ರೀತಿಸಬೇಕಾಗುತ್ತದೆ.

ಮೀಟರು ಸುಳ್ಳು ಹೇಳಿದರೆ

ಕಾರು ಎಷ್ಟೇ ಗಟ್ಟಿಯಾಗಿದ್ದರೂ ದೂರದ ಲೆಕ್ಕ ತಪ್ಪಿದರೆ ಎಲ್ಲವೂ ವ್ಯರ್ಥ. ಕಾರಿನ ಓಡೋಮೀಟರ್ ಅಳೆಯುವುದು ರಸ್ತೆಯನ್ನಲ್ಲ, ಚಕ್ರದ ಸುತ್ತುಗಳನ್ನು. 14 ಅಂಗುಲದ ಚಕ್ರಕ್ಕೆ ಹಾಕುವ 165/80 ಅಳತೆಯ ಟೈರಿನ ವ್ಯಾಸ ಹೊಸದಿದ್ದಾಗ ಸುಮಾರು 620 ಮಿಲಿಮೀಟರ್. 8 ಮಿ.ಮೀ. ಇದ್ದ ಕಟ್ಟೆ 2ಕ್ಕೆ ಸವೆದರೆ ವ್ಯಾಸ 12 ಮಿ.ಮೀ. ಕಡಿಮೆಯಾಗುತ್ತದೆ, ಎಂದರೆ ಸುಮಾರು ಶೇ 2. 50 ಕಿಲೋಮೀಟರಿನ ಹಂತದಲ್ಲಿ ಇದು ಒಂದು ಕಿಲೋಮೀಟರಿನ ತಪ್ಪು. 36ರ ವೇಗದಲ್ಲಿ 100 ಸೆಕೆಂಡಿನ ತಪ್ಪು. ಚೆಂದಕ್ಕೆಂದು ಅಗಲವಾದ ಅಲಾಯ್ ಚಕ್ರ ಹಾಕಿಸಿಕೊಂಡವರ ಮೀಟರು ಇನ್ನೂ ದೊಡ್ಡ ಸುಳ್ಳು ಹೇಳಬಹುದು.

ಇದಕ್ಕಾಗಿಯೇ ಸಂಘಟಕರು ಆರಂಭದಲ್ಲಿ ತಾವು ಅಳೆದ ದೂರವೊಂದನ್ನು ಕೊಡುತ್ತಾರೆ. ಅವರ 10 ಕಿ.ಮೀ.ಗೆ ತಮ್ಮ ಮೀಟರು 10.20 ತೋರಿಸಿದರೆ, ಅಂದಿನ ದಿನವೆಲ್ಲ ತಮ್ಮ ಅಂಕಿಯನ್ನು 0.98ರಿಂದ ಗುಣಿಸಿಕೊಳ್ಳಬೇಕು. ಅಂದು ಟೈರಿನ ಗಾಳಿಯನ್ನೂ ಬದಲಿಸಬಾರದು. ಕೇಬಲ್‌ನಿಂದ ನಡೆಯುವ ಹಳೆಯ ಮೀಟರುಗಳಿಗೆ ಇನ್ನೊಂದು ಮಿತಿಯಿದೆ. ಅವು ತೋರಿಸುವ ಕನಿಷ್ಠ ದೂರ 100 ಮೀಟರ್. 36ರ ವೇಗದಲ್ಲಿ ಅದು 10 ಸೆಕೆಂಡು. ಹತ್ತು ಮೀಟರಿನ ಸೂಕ್ಷ್ಮತೆಯಿರುವ ಟ್ರಿಪ್ ಮೀಟರನ್ನು ಪ್ರತ್ಯೇಕವಾಗಿ ಜೋಡಿಸಿಕೊಂಡರೆ ತಪ್ಪು ಒಂದು ಸೆಕೆಂಡಿಗೆ ಇಳಿಯುತ್ತದೆ. ಬ್ರಿಟನ್ನಿನ ಟೆರಾಟ್ರಿಪ್, ಬ್ರಾಂಟ್ಜ್ ಈ ಕೆಲಸಕ್ಕೆಂದೇ ಹೆಸರಾದ ಉಪಕರಣಗಳು. ಹವ್ಯಾಸಿಗೆ ಮೊದಲ ವರ್ಷ ಅವು ಬೇಕಿಲ್ಲ. ಕ್ಯಾಲ್ಕುಲೇಟರ್, ಸ್ಟಾಪ್‌ವಾಚ್, ಕಣ್ಣು ಕುಕ್ಕದ ಓದುದೀಪ ಇವಿಷ್ಟು ಸಾಕು. ಯಾವ ವಿಭಾಗದಲ್ಲಿ ಯಾವ ಉಪಕರಣಕ್ಕೆ ಅವಕಾಶ ಎಂಬುದನ್ನು ಸ್ಪರ್ಧೆಯ ನಿಯಮಾವಳಿಯಲ್ಲಿ ಮೊದಲೇ ಓದಿಕೊಳ್ಳತಕ್ಕದ್ದು.

ಇಷ್ಟನ್ನೂ ನಿಭಾಯಿಸುವವರು ಚಾಲಕರಲ್ಲ, ಪಕ್ಕದ ಆಸನದ ನ್ಯಾವಿಗೇಟರ್. ಸ್ಟೇಜ್ ರ್‍ಯಾಲಿಯಲ್ಲೂ ಆ ಆಸನದ ಮಹತ್ವ ಕಡಿಮೆಯಲ್ಲ. ಕಾಸರಗೋಡಿನ ಮೂಸಾ ಷರೀಫ್ ದೇಶದ ರ್‍ಯಾಲಿ ವಲಯದಲ್ಲಿ ಹೆಸರು ಮಾಡಿದ್ದು, ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪಾಲು ಪಡೆದದ್ದು ಅಲ್ಲಿ ಕುಳಿತೇ. ಟಿಎಸ್‌ಡಿಯಲ್ಲಂತೂ ಗೆಲುವು ಅರ್ಧಕ್ಕಿಂತ ಹೆಚ್ಚು ಅವರದೇ. ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳಲ್ಲಿ ನಡೆದಿರುವ ಅಂಧರ ಕಾರು ರ್‍ಯಾಲಿಗಳಲ್ಲಿ ದೃಷ್ಟಿಯಿಲ್ಲದವರು ಬ್ರೈಲ್ ರೋಡ್ ಬುಕ್ಕನ್ನು ಬೆರಳಿನಿಂದ ಓದಿ ಚಾಲಕರಿಗೆ ದಾರಿ ಹೇಳಿದ್ದಾರೆ. ದಾರಿ ಕಾಣುವವನು ಅವರ ಮಾತು ಕೇಳಿ ನಡೆಸುವುದಷ್ಟೇ ಅಲ್ಲಿನ ನಿಯಮ. ಗಂಡ-ಹೆಂಡತಿ, ಅಣ್ಣ-ತಮ್ಮ ಜೋಡಿಯಾಗಿ ಹೊರಟು, ತಪ್ಪಿದ ಒಂದು ತಿರುವಿಗಾಗಿ ಸಂಜೆಯವರೆಗೆ ಮಾತು ಬಿಡುವುದು ಈ ಕ್ರೀಡೆಯಲ್ಲಿ ಅಪರೂಪದ ಸಂಗತಿಯೇನಲ್ಲ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆ, 1988ರ 189ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ವೇಗ ಪರೀಕ್ಷೆ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ತಾವು ನಡೆಸುತ್ತಿರುವುದು ರೇಸ್ ಅಲ್ಲ ಎಂಬ ವಾದ ರಸ್ತೆ ಬದಿಯಲ್ಲಿ ಪೊಲೀಸರ ಮುಂದೆ ನಿಲ್ಲಬೇಕಾದರೆ ಅನುಮತಿ ಪತ್ರಗಳು ಕೈಯಲ್ಲಿರಬೇಕು. ಭಾರತೀಯ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟದ (ಎಫ್‌ಎಂಎಸ್‌ಸಿಐ) ಮಾನ್ಯತೆಯಿರುವ ಸ್ಪರ್ಧೆಯನ್ನೇ ಆರಿಸಿಕೊಳ್ಳಬೇಕೆಂದು ತಿಳಿದವರು ಹೇಳುವುದು ಈ ಕಾರಣಕ್ಕೆ.

ಹೆಚ್ಚಿನವರು ಓದದೆ ಬಿಡುವುದು ವಿಮಾ ಪಾಲಿಸಿಯ ಸಣ್ಣ ಅಕ್ಷರಗಳನ್ನು. ಖಾಸಗಿ ಕಾರಿನ ಪ್ರಮಾಣಿತ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಕಲಮು ಇರುತ್ತದೆ. ಸಂಘಟಿತ ರೇಸ್, ವೇಗ ಪರೀಕ್ಷೆ ಮಾತ್ರವಲ್ಲದೆ ‘ರಿಲಯಬಿಲಿಟಿ ಟ್ರಯಲ್’ ಎಂಬುದನ್ನೂ ಅದು ರಕ್ಷಣೆಯಿಂದ ಹೊರಗಿಡುತ್ತದೆ. ಕಾರು ನಿಧಾನವಾಗಿ ಹೋಗುತ್ತಿತ್ತು ಎಂಬುದು ಅಲ್ಲಿ ಉತ್ತರವಾಗದು. ಬೆಟ್ಟದ ತಿರುವಿನಲ್ಲಿ ಪಾದಚಾರಿಯೊಬ್ಬರಿಗೆ ಕಾರು ತಗುಲಿದರೆ, ಪರಿಹಾರದ ಹೊರೆ ಕೊನೆಗೆ ಮಾಲೀಕನ ಮನೆ-ಮಠದ ಮೇಲೆ ಬೀಳುವ ಸಾಧ್ಯತೆಯಿದೆ. ರ್‍ಯಾಲಿಗಳಿಗೆ ರಕ್ಷಣೆ ವಿಸ್ತರಿಸಲು ಭಾರತೀಯ ಮೋಟಾರು ಸುಂಕಪಟ್ಟಿಯಲ್ಲಿ ಪ್ರತ್ಯೇಕ ಎಂಡಾರ್ಸ್‌ಮೆಂಟಿಗೆ ಅವಕಾಶವಿದೆ. ಸ್ಪರ್ಧೆಗೆ ಮುನ್ನ ವಿಮಾ ಕಂಪನಿಯಿಂದ ಅದನ್ನು ಲಿಖಿತವಾಗಿ ಪಡೆದುಕೊಳ್ಳಬೇಕು. ಸಂಘಟಕರು ಮೂರನೇ ವ್ಯಕ್ತಿಯ ವಿಮೆ ಮಾಡಿಸಿದ್ದಾರೆಯೇ ಎಂಬುದನ್ನೂ ಕೇಳಿ ತಿಳಿಯಬೇಕು.

ಹಳೆಯ ಕಾರಿಗೆ ಆರ್‌ಟಿಒ ಕಚೇರಿಯ ಅಲೆದಾಟವೂ ಸೇರಿಕೊಳ್ಳುತ್ತದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ನಂತರ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 5,000 ರೂಪಾಯಿ ಆಗಿತ್ತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. 2005ರ ಸ್ವಿಫ್ಟ್‌ಗಳು ಸರಿಯಾಗಿ ಈ ಗೆರೆಯನ್ನು ದಾಟಿದ್ದವು. ಎಂಜಿನ್ ಬದಲಿಸಿದ, ಮೈ ಕತ್ತರಿಸಿ ಅಗಲ ಮಾಡಿದ ಕಾರುಗಳಿಗೆ ತಪಾಸಣೆಯಲ್ಲಿ ತೊಂದರೆ ಖಚಿತ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಸುದೈವದಿಂದ ಟಿಎಸ್‌ಡಿಗೆ ಬೇಕಾದ ಸಿದ್ಧತೆಯಲ್ಲಿ ಅಂಥದ್ದೇನೂ ಇಲ್ಲ.

ಯಾವಾಗ, ಎಲ್ಲಿ

ಅಭ್ಯಾಸಕ್ಕೆ ಬೆಟ್ಟವನ್ನು ಆರಿಸಿಕೊಳ್ಳುವವರು ಪಂಚಾಂಗವನ್ನೂ ನೋಡಬೇಕು. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲೇ ತಡೆದು ಭಕ್ತರನ್ನು ಬಸ್ಸುಗಳಲ್ಲಿ ಕರೆದೊಯ್ಯುವ ಪದ್ಧತಿಯಿದೆ. ದಸರೆಯ ದಿನಗಳಲ್ಲೂ ದಟ್ಟಣೆ ವಿಪರೀತ. ಮಳೆಗಾಲದ ಎಚ್ಚರವೂ ಬೇಕು; 2021ರ ಅಕ್ಟೋಬರ್-ನವೆಂಬರ್ ಮಳೆಗೆ ನಂದಿ ವಿಗ್ರಹದತ್ತ ಹೋಗುವ ರಸ್ತೆಯ ಅಂಚು ಕುಸಿದು ಸಂಚಾರ ನಿಲ್ಲಿಸಬೇಕಾಗಿ ಬಂದಿತ್ತು. ಬೆಟ್ಟವು ಮೀಸಲು ಅರಣ್ಯ. ಚಿರತೆ, ಕಾಡುಹಂದಿಗಳ ಓಡಾಟವಿರುವ ಜಾಗ. ಒಂದೇ ಕಾರು, ಒಂದೇ ಸಲ, ವಾರದ ನಡುವಿನ ಬೆಳಗಿನ ಹೊತ್ತು: ಇದಕ್ಕಿಂತ ಹೆಚ್ಚಿನ ಅಭ್ಯಾಸ ಅಲ್ಲಿ ಆಗಬಾರದು. ಹತ್ತು ಕಾರುಗಳು ಸಾಲಾಗಿ ಏರಿದರೆ, ಎಷ್ಟೇ ನಿಧಾನವಾಗಿದ್ದರೂ, ಅದನ್ನು ನೋಡುವವರಿಗೆ ರೇಸ್ ಎಂದೇ ಕಾಣುತ್ತದೆ. ಮೀಟರು ಸರಿಪಡಿಸಿಕೊಳ್ಳುವ ಕೆಲಸಕ್ಕೆ ಬೆಟ್ಟ ಬೇಕಾಗಿಯೂ ಇಲ್ಲ. ನಂಜನಗೂಡು ಅಥವಾ ತಿ. ನರಸೀಪುರದ ಕಡೆಯ ನೇರ ರಸ್ತೆಯ ಕಿಲೋಮೀಟರು ಕಲ್ಲುಗಳಿಂದ ಆರಂಭಿಕ ಅಂದಾಜು ಸಿಗುತ್ತದೆ.

ಸ್ಪರ್ಧೆಯ ದಿನ ಕೊನೆಯ ಕಂಟ್ರೋಲ್ ದಾಟಿ ಟೈಂ ಕಾರ್ಡು ಒಪ್ಪಿಸಿದ ಮೇಲೆ ಸಂಘಟಕರ ಲೆಕ್ಕ ಮುಗಿಯುವವರೆಗೆ ಕಾಯಬೇಕು. ತಾತ್ಕಾಲಿಕ ಫಲಿತಾಂಶ ಅಂಟಿಸಿದ ನಂತರ ತಕರಾರು ಸಲ್ಲಿಸಲು ಸ್ವಲ್ಪ ಅವಧಿ ಕೊಡಲಾಗುತ್ತದೆ. ಆ ಹೊತ್ತಿನಲ್ಲಿ ಗೋಡೆಯ ಮುಂದೆ ನಿಂತು ನ್ಯಾವಿಗೇಟರುಗಳು ತಮ್ಮ ಕಾಗದದ ಸೆಕೆಂಡುಗಳನ್ನು ಸಂಘಟಕರ ಸೆಕೆಂಡುಗಳಿಗೆ ತಾಳೆ ಹಾಕುತ್ತಿರುತ್ತಾರೆ. ಚಾಲಕರು ಕಾರಿನ ಬಾಗಿಲುಗಳಿಂದ ಸ್ಪರ್ಧೆಯ ಸಂಖ್ಯೆಯ ಸ್ಟಿಕ್ಕರನ್ನು ಮೆಲ್ಲನೆ ಬಿಡಿಸುವ ಕೆಲಸದಲ್ಲಿರುತ್ತಾರೆ. ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಕಚೇರಿಗೆ ಹೋಗಬೇಕಲ್ಲ.